ಅಂಗೈಯ ಗಂಟು, ಬದನೆಕಾಯಿಯ ಪಥ್ಯ

ಮಾಘ. ಮಾವು ಹೂ ಬಿಟ್ಟಿದೆ. ಬೆಳಗಿನ ಓರೆಬಿಸಿಲಿಗೆ ಭಾವನ ಬಲ ಅಂಗೈ ಹಿಡಿದು ನೋಡಿದೆ. ಉಂಗುರ ಬೆರಳಿನ ನೇರಕ್ಕೆ, ಮೇಲಿನ ಅಡ್ಡಗೆರೆಯ ಹತ್ತಿರ, ಹೆಸರುಕಾಳಿನಷ್ಟು ಗಂಟು. ಪಕ್ಕದಲ್ಲೇ ಚರ್ಮ ಒಳಕ್ಕೆ ಸೆಳೆದುಕೊಂಡು ಸಣ್ಣ ಕುಳಿ ಬಿದ್ದಿದೆ. ಒತ್ತಿದರೆ ನೋವಿಲ್ಲ. ಬೆರಳನ್ನು ಹಿಂದಕ್ಕೆ ಬಗ್ಗಿಸಿದರೆ ಗಂಟಿನ ಮೇಲಿನ ಚರ್ಮ ಬಿಳಿಚುತ್ತದೆ. ಮುಷ್ಟಿ ಪೂರ್ತಿ ಕಟ್ಟಲು ಬರುತ್ತದೆ, ಬಿಡಿಸುವಾಗ ಮಾತ್ರ ಬೆರಳು ಕೊಂಚ ತಡೆಯುತ್ತದೆ. ಕೈಯನ್ನು ಹಾಳೆಯ ಮೇಲಿರಿಸಿ ಸುತ್ತ ಪೆನ್ಸಿಲ್ ಗೆರೆ ಎಳೆದಿಟ್ಟುಕೊಂಡೆ.

ಡಾಕ್ಟರು ಹೇಳಿದ ಹೆಸರು ಡುಪ್ಯುಟ್ರೆನ್ ಕಾಯಿಲೆ. ಅಂಗೈಯ ಚರ್ಮದ ಕೆಳಗೆ ಒಂದು ಗಟ್ಟಿ ಪೊರೆಯಿದೆ. ಅದರ ಕೆಲವು ಜೀವಕೋಶಗಳು ಸ್ವಭಾವ ಬದಲಿಸಿ ಕೊಲಾಜನ್ ಎಳೆಗಳನ್ನು ಹೆಚ್ಚಾಗಿ ತಯಾರಿಸುತ್ತವೆ, ತಾವೂ ಸಂಕುಚಿಸುತ್ತವೆ. ಗಂಟು ಬರಬರುತ್ತ ಹುರಿಯಾಗಿ ಬೆರಳನ್ನು ಒಳಕ್ಕೆ ಎಳೆಯುತ್ತದೆ. ಉತ್ತರ ಯುರೋಪ್ ಮೂಲದ, ಐವತ್ತು ದಾಟಿದ ಗಂಡಸರಲ್ಲಿ ಇದು ಜಾಸ್ತಿ, ವಂಶದಲ್ಲೂ ಹರಿಯುತ್ತದೆ. ನಮ್ಮ ಕಡೆ ಅಪರೂಪ.

ಫಾಲ್ಗುಣ. ಅಕ್ಕ ಬದನೆಕಾಯಿ, ಶೇಂಗಾ ನಂಜು ಎಂದು ಅಡುಗೆಮನೆಯಿಂದ ಹೊರಗಿಟ್ಟಿದ್ದಾಳೆ. ಹುಳಿಗೂ ಕತ್ತರಿ. “ಊಟದಿಂದ ಬಂದಿದ್ದೋ ಹೇಗೆ? ನೀನೇ ನೋಡಿ ಹೇಳು ಮಾರಾಯ” ಎಂದರು ಭಾವ.

ಕಾರಣ ಹುಡುಕುವ ಚಾಳಿ ಹಳೆಯದು. 1831ರಲ್ಲಿ ಪ್ಯಾರಿಸಿನ ಗಿಯೋಮ್ ಡುಪ್ಯುಟ್ರೆನ್ ಇಂಥ ಕೈಗೆ ಶಸ್ತ್ರಚಿಕಿತ್ಸೆ ಮಾಡಿದ. ರೋಗಿ ವೈನ್ ವ್ಯಾಪಾರಿ. ಡುಪ್ಯುಟ್ರೆನ್ ಕಾರಣವನ್ನು ಕಂಡದ್ದು ಪೀಪಾಯಿಯ ಒಳಗಿನ ವೈನಿನಲ್ಲಲ್ಲ, ಪೀಪಾಯಿ ಎತ್ತುವಾಗ ಅಂಗೈಗೆ ಬಿದ್ದ ಪೆಟ್ಟಿನಲ್ಲಿ. ಇಂದು ಹೊಟ್ಟೆಗೆ ಹೋಗುವ ವಸ್ತುಗಳಲ್ಲಿ ಈ ಕಾಯಿಲೆಯ ಜೊತೆ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಮದ್ಯ, ಅದರಲ್ಲೂ ಅತಿಯಾದ ಕುಡಿತ. ಬೀಡಿ ಸಿಗರೇಟು ಸೇದುವವರಲ್ಲೂ, ಸಕ್ಕರೆ ಕಾಯಿಲೆಯವರಲ್ಲೂ ಇದು ಹೆಚ್ಚು. ಆದರೆ ಜೊತೆಗೆ ಕಂಡದ್ದೆಲ್ಲ ಕಾರಣವಾಗಬೇಕಿಲ್ಲ; ಹನಿ ಮದ್ಯ ಮುಟ್ಟದವರಿಗೂ ಗಂಟು ಬರುತ್ತದೆ. ಭಾವ ಕುಡಿಯುವವರಲ್ಲ, ಸೇದುವವರಲ್ಲ. ಸಕ್ಕರೆ ಕಾಯಿಲೆ ಮಾತ್ರ ಬಹಳ ವರ್ಷದ್ದು.

ಆಷಾಢ. ಮಳೆ ಬಿಟ್ಟಿಲ್ಲ, ಜಗಲಿಯ ಗೋಡೆಗೆ ಪಾಚಿ ಹತ್ತಿದೆ. ಹೊಸ ಗೆರೆ ಎಳೆದು, ಎರಡೂ ಹಾಳೆ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆಯ ಮೇಲೆ ಗೆರೆ ಕೂತಿತು. “ನೋಡು, ಪಥ್ಯ ಹಿಡಿಯಿತು” ಎಂದಳು ಅಕ್ಕ. ಆದರೆ ಈ ಗಂಟು ತನ್ನಷ್ಟಕ್ಕೇ ವರ್ಷಗಟ್ಟಲೆ ಇದ್ದಲ್ಲೇ ಇರುವುದುಂಟು. ಒಮ್ಮೊಮ್ಮೆ ಮೆತ್ತಗಾಗುವುದೂ ಉಂಟು. ಆ ನಡುವೆ ಬದನೆಕಾಯಿ ಬಿಟ್ಟವರು ಬದನೆಕಾಯಿಯನ್ನು ದೂರುತ್ತಾರೆ, ಅರಿಶಿನ ಕುಡಿದವರು ಅರಿಶಿನವನ್ನು ಹೊಗಳುತ್ತಾರೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ನಿಜ ತಿಳಿಯಬೇಕಾದರೆ ಪಥ್ಯ ಮಾಡಿದ ನೂರಾರು ಕೈಗಳನ್ನೂ ಮಾಡದ ನೂರಾರು ಕೈಗಳನ್ನೂ ವರ್ಷಗಳ ಕಾಲ ಅಳೆಯಬೇಕು. ಒಂದೇ ಕೈ, ಒಂದೇ ಮಳೆಗಾಲ ಸಾಲದು. ಯಾವ ಪಥ್ಯವೂ ಗಂಟನ್ನು ಕರಗಿಸುತ್ತದೆಂದು ಸಾಬೀತಾಗಿಲ್ಲ.

ಕಾರ್ತಿಕ. ಅಂಗೈಯನ್ನು ಮೇಜಿನ ಮೇಲೆ ಬೋರಲು ಹಾಕಿಸಿದೆ. ಬೆರಳುಗಳು ಇನ್ನೂ ಪೂರ್ತಿ ಚಪ್ಪಟೆಯಾಗಿ ಕೂರುತ್ತವೆ. ಕೂರದ ದಿನ ಕೈ ಸರ್ಜನ್ನರನ್ನು ಕಾಣಬೇಕು. ಹುರಿಯನ್ನು ಸೂಜಿಯಿಂದ ತುಂಡರಿಸುವ, ಕೊಯ್ದು ತೆಗೆಯುವ ದಾರಿಗಳಿವೆ. ಈ ಪರೀಕ್ಷೆಯನ್ನು ಭಾವ ತಿಂಗಳಿಗೊಮ್ಮೆ ತಾವೇ ಮಾಡಿಕೊಳ್ಳಬಹುದು. ಸಕ್ಕರೆಯ ಪಥ್ಯ ಬಿಡುವಂತಿಲ್ಲ, ಅದು ಕಣ್ಣು ಮೂತ್ರಪಿಂಡಗಳ ಲೆಕ್ಕ. ಬದನೆಕಾಯಿ ಪಲ್ಯಕ್ಕೆ ಅಡ್ಡಿಯಿಲ್ಲವೆಂದು ಅಕ್ಕನಿಗೆ ಹೇಳಿ ಬಂದೆ.