ಹಳೆಯ ಹಬ್ಬುಗುಲಾಬಿಯನ್ನು ಸವರುವ ಕ್ರಮ

ನಮ್ಮ ಶಾಲೆಯ ಮೊಗಸಾಲೆಯ ಕಮಾನಿನ ಮೇಲೆ ಹಬ್ಬಿರುವ ಹಳದಿ ಗುಲಾಬಿಯನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅದು ‘ಮಾರೆಶಾಲ್ ನೀಲ್’ ಎಂಬ ಜಾತಿಯದು. ಫ್ರಾನ್ಸಿನ ಸೇನಾಪತಿ ಅಡಾಲ್ಫ್ ನೀಲ್ ಎಂಬವನ ಹೆಸರನ್ನು ಹೊತ್ತು 1864ರಲ್ಲಿ ಆ ದೇಶದಲ್ಲಿಯೇ ಬೆಳಕಿಗೆ ಬಂದಿತು. ಇಂಗ್ಲೆಂಡಿನ ಚಳಿಯನ್ನು ತಾಳಲಾರದೆ ಅಲ್ಲಿ ಗಾಜಿನ ಮನೆಯನ್ನು ಆಶ್ರಯಿಸಿದ ಈ ಬಳ್ಳಿಯು ಬೆಂಗಳೂರಿನ ಹವೆಯಲ್ಲಿ ಬಯಲಿನಲ್ಲಿಯೇ ಬೆಳೆಯುವುದು. ಇದರ ಹೂವುಗಳು ತಲೆ ತಗ್ಗಿಸಿ ತೂಗುವುದರಿಂದ ಕಮಾನಿನ ಕೆಳಗೆ ನಡೆಯುವವರಿಗೆ ಅವುಗಳ ಮುಖವು ಚೆನ್ನಾಗಿ ಕಾಣುವುದು.

ಕೆಲವು ವರ್ಷಗಳ ಕಾಲ ಆರೈಕೆಯಿಲ್ಲದೆ ಹೋದ ಕಾರಣ ಈ ಬಳ್ಳಿಯು ಕೆಟ್ಟಿತ್ತು. ಕೆಳಗೆ ಬರಿಯ ಮುಳ್ಳು, ನಡುವೆ ಒಣಕೊಂಬೆಗಳ ಪೊದೆ, ಹೆಂಚಿನ ಮೇಲೆಲ್ಲೋ ಒಂದೆರಡು ಹೂವು. ಬುಡಕ್ಕೆ ಕಡಿದುಬಿಡಬೇಕೆಂದು ಕೆಲವರೂ, ಹಿರಿಯರು ನೆಟ್ಟದ್ದನ್ನು ಮುಟ್ಟಲೇ ಬಾರದೆಂದು ಕೆಲವರೂ ಹೇಳಿದರು. ಎರಡೂ ಸರಿಯಲ್ಲ. ಮುದಿಬಳ್ಳಿಯನ್ನು ಒಮ್ಮೆಗೇ ಕಡಿದರೆ ಗಟ್ಟಿಯಾದ ತೊಗಟೆಯಿಂದ ಚಿಗುರು ಹೊರಡದೆ ಗಿಡವೇ ಸಾಯಬಹುದು. ಮುಟ್ಟದೆ ಬಿಟ್ಟರೆ ಅದು ತನ್ನ ಭಾರದಿಂದಲೇ ಕುಗ್ಗುವುದು. ಆದಕಾರಣ ವರ್ಷಕ್ಕೆ ಮೂರರಲ್ಲಿ ಒಂದು ಪಾಲಿನಂತೆ ಮೂರು ವರ್ಷಗಳಲ್ಲಿ ಹಳೆಯ ಕೊಂಬೆಗಳನ್ನು ತೆಗೆಯುವುದೆಂದು ನಿಶ್ಚಯಿಸಿದೆವು.

ಮೊದಲು ಕಾಲವನ್ನು ನೋಡಬೇಕು. ಪದೇ ಪದೇ ಹೂಬಿಡುವ ಇಂಥ ಜಾತಿಯನ್ನು ಮಳೆ ಹಿಂದಾದ ಮೇಲೆ, ಅಕ್ಟೋಬರಿನಲ್ಲಿ ಸವರಬಹುದು. ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ಜಾತಿಗಳನ್ನಾದರೋ ಹೂವು ಮುಗಿದೊಡನೆಯೇ ಸವರತಕ್ಕದ್ದು. ಯಾಕಂದರೆ ಅವು ಹಿಂದಿನ ವರ್ಷದ ಕೊಂಬೆಯಲ್ಲಿ ಹೂಬಿಡುವುವು. ಹೊತ್ತು ತಪ್ಪಿ ಕತ್ತರಿಸಿದವರು ಒಂದು ವರ್ಷದ ಹೂವನ್ನೇ ಕಳೆದುಕೊಳ್ಳುವರು.

ತರುವಾಯ ಸತ್ತ ಕೊಂಬೆಗಳನ್ನು ಆರಿಸಬೇಕು. ಉಗುರಿನಿಂದ ತೊಗಟೆಯನ್ನು ಕೆರೆದರೆ ಒಳಗೆ ಹಸುರು ಕಂಡದ್ದು ಜೀವವುಳ್ಳದ್ದು, ಕಂದು ಬಣ್ಣ ಕಂಡದ್ದು ಸತ್ತದ್ದು. ತಿರುಳು ಬೆಳ್ಳಗೆ ಕಾಣುವ ತನಕ ಕತ್ತರಿಸುತ್ತ ಬರಬೇಕು. ಕಸಿಯ ಗಂಟಿನ ಕೆಳಗಿನಿಂದ ಎದ್ದ ಕಾಡುಚಿಗುರುಗಳು ಗಿಡದ ಸಾರವನ್ನು ಹೀರುವುವು. ಅವುಗಳನ್ನು ಮೇಲಿನಿಂದ ಕತ್ತರಿಸಿದರೆ ಮತ್ತೆ ಬರುವುವು. ಹುಟ್ಟಿದ ಸ್ಥಳದಿಂದಲೇ ಸೀಳಿ ತೆಗೆಯತಕ್ಕದ್ದು.

ಆಮೇಲೆ ಅತಿ ಹಳೆಯ ಕೊಂಬೆಗಳಲ್ಲಿ ಒಂದು ಪಾಲನ್ನು ಸಣ್ಣ ಗರಗಸದಿಂದ ಬುಡದ ಬಳಿಯಲ್ಲಿ ಕೊಯ್ಯಬೇಕು. ಸಣ್ಣ ಕವಲುಗಳನ್ನು ಎರಡು ಮೂರು ಕಣ್ಣುಗಳಷ್ಟು ಉಳಿಸಿ, ಹೊರಮುಖವಾದ ಕಣ್ಣಿನಿಂದ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಬೇಕು. ಕತ್ತರಿಯು ಹರಿತವಾಗಿರಲಿ, ಜಜ್ಜಿದ ಗಾಯದಿಂದ ಕೊಂಬೆಯು ಕರಗಾಗಿ ಕೆಳಮುಖವಾಗಿ ಒಣಗುವ ರೋಗವು ಹೊಗುವುದು. ದೊಡ್ಡ ಗಾಯಗಳಿಗೆ ನಾವು ಮೈಲುತುತ್ತ ಸುಣ್ಣಗಳ ಬೋರ್ಡೋ ಸರಿಯನ್ನು ಬಳಿದೆವು.

ಉಳಿದ ಉದ್ದಕೊಂಬೆಗಳನ್ನು ನೆಟ್ಟಗೆ ಮೇಲಕ್ಕೆ ಬಿಡದೆ ಅಡ್ಡಲಾಗಿ ಬಗ್ಗಿಸಿ, ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ನೆಟ್ಟಗಿರುವ ಕೊಂಬೆಯಲ್ಲಿ ತುದಿಯ ಕಣ್ಣೇ ಮುಂದಾಗಿ ಬೆಳೆದು ಕೆಳಗಿನವುಗಳನ್ನು ತಡೆಯುವುದು. ಅಡ್ಡ ಮಲಗಿಸಿದರೆ ಉದ್ದಕ್ಕೂ ಕಣ್ಣುಗಳು ಒಡೆದು, ಪ್ರತಿಯೊಂದು ಕವಲೂ ಹೂವು ಹೊರುವುದು. ನಮ್ಮ ಬಳ್ಳಿಯ ಹೂವೆಲ್ಲ ಹೆಂಚಿನ ಮೇಲೆ ಸೇರಿದ್ದಕ್ಕೆ ಇದೇ ಕಾರಣವಾಗಿತ್ತು. ಕಡೆಯಲ್ಲಿ ಬುಡಕ್ಕೆ ಕಳಿತ ಕೊಟ್ಟಿಗೆಗೊಬ್ಬರವನ್ನು ಹಾಕಿ ನೀರೆರೆಯಬೇಕು.

ಮೊದಲನೆಯ ವರ್ಷ ಕಮಾನು ಬೋಳಾಗಿ ಕಂಡಿತು; ಕೆಡಿಸಿದಿರೆಂದು ನಮ್ಮನ್ನು ಆಕ್ಷೇಪಿಸಿದವರುಂಟು, ನಮಗೂ ಒಳಗೊಳಗೆ ಭಯವಿತ್ತು. ಆದರೆ ಬುಡದಿಂದ ಮೂರು ಹೊಸ ಕೊಂಬೆಗಳು ಕೆಂಪಗೆ ಎದ್ದುವು. ಎರಡನೆಯ ವರ್ಷ ನಮ್ಮ ಕೈಗೆಟಕುವ ಎತ್ತರದಲ್ಲಿ ಹೂವು ಬಂದಿತು. ಮೂರನೆಯ ಪಾಲಿನ ಕೆಲಸವು ಇನ್ನೂ ಉಳಿದಿದೆ. ಅಷ್ಟರಲ್ಲಿ ನಾವು ಶಾಲೆಯನ್ನು ಬಿಟ್ಟಿರುವೆವು. ಕೆಳಗಿನ ತರಗತಿಯ ತಂಗಿಯರೇ, ಕತ್ತರಿಯು ತೋಟದ ಕೊಠಡಿಯಲ್ಲಿದೆ, ಅವಸರಪಡದೆ ಸವರಿರಿ.