ಬಿದ್ದಾಗ ಎತ್ತಲು ಆಗುವ ಬೈಕು

ಅಕ್ಕನ ಮಗಳಿಗೆ ಕಳೆದ ವರ್ಷ ಮೂಡಿಗೆರೆ ಕಡೆ ಪಶುವೈದ್ಯೆಯಾಗಿ ಕೆಲಸವಾಯಿತು. ದಿನಕ್ಕೆ ನಲವತ್ತು ಕಿಲೋಮೀಟರ್ ಟಾರು ರಸ್ತೆ, ಅದಾದ ಮೇಲೆ ತೋಟದ ಮನೆಗಳಿಗೆ ಇಳಿಯುವ ಮಣ್ಣಿನ ದಾರಿ. ಮಳೆಗಾಲದಲ್ಲಿ ಆ ದಾರಿಯ ಅರ್ಧ ಕೆಸರು, ಇನ್ನರ್ಧ ಪಾಚಿ ಹಿಡಿದ ಕಲ್ಲು. ಸ್ಕೂಟರಿನಲ್ಲಿ ಎರಡು ಸಲ ಬಿದ್ದ ಮೇಲೆ, "ಟಾರಿಗೂ ಮಣ್ಣಿಗೂ ಆಗೋ ಬೈಕೇ ತಗೋತೀನಿ ಮಾವ" ಎಂದಳು. ಗೇರ್ ಬೈಕು ಕಲಿತು ಆಗಿನ್ನೂ ಆರು ತಿಂಗಳಾಗಿರಲಿಲ್ಲ. ಎತ್ತರ ಐದು ಅಡಿ ಮೂರು ಇಂಚು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಿನಗೆ ಕಾಲು ಎಟುಕಲ್ಲ ಎಂದರು ಭಾವ. ತಗೊಂಡ್ರೆ ದೊಡ್ಡದೇ ತಗೋ ಎಂದ ಅವರ ತಮ್ಮ. ಎಷ್ಟು ಮೈಲೇಜ್ ಕೊಡುತ್ತೆ ಎಂದು ಕೇಳಿದವರು ಮೂವರು. ಬಿದ್ದರೆ ಎತ್ತಲು ಆಗುತ್ತದಾ ಎಂದು ಒಬ್ಬರೂ ಕೇಳಲಿಲ್ಲ. ಹೊಸ ಸವಾರರು ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನಾನು ಕಲಿತದ್ದು ದೇವರಮನೆ ಕಡೆಯ ಒಂದು ತಿರುವಿನಲ್ಲಿ. ಗೆಳೆಯನ ಭಾರದ ಬೈಕು ತಂದಿದ್ದೆ. ಜಡಿಮಳೆ. ತಿರುವಿನಲ್ಲಿ ನಿಲ್ಲಿಸಿ ಕಾಲಿಟ್ಟರೆ ನೆಲವಿಲ್ಲ, ಚರಂಡಿಯ ತಗ್ಗು. ವೇಗವೇ ಇಲ್ಲದೆ, ನಿಂತಲ್ಲೇ ಪಕ್ಕಕ್ಕೆ ಮಲಗಿತು. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಅರ್ಧ ಗಂಟೆ ಒದ್ದಾಡಿದರೂ ಒಂದು ಗೇಣು ಮೇಲೇಳಲಿಲ್ಲ. ಕೊನೆಗೆ ತೋಟದ ಕೆಲಸ ಮುಗಿಸಿ ಬರುತ್ತಿದ್ದ ಇಬ್ಬರು ಕೈ ಕೊಟ್ಟರು. ಅವರು ಬರದಿದ್ದರೆ ಕತ್ತಲಾಗುತ್ತಿತ್ತು.

"ಎರಡೂ ಕಾಲು ನೆಲಕ್ಕೆ ಪೂರ್ತಿ ಊರಬೇಕು"

ಬೈಕಿನ ಬಗ್ಗೆ ಹೊಸ ಸವಾರರ ಕಿವಿಗೆ ಬೀಳುವ ನಂಬಿಕೆಗಳಲ್ಲೆಲ್ಲ ಇದೇ ಗಟ್ಟಿ. ಈ ಒಂದು ಮಾತಿಗೆ ಎಷ್ಟೋ ಜನ, ಮುಖ್ಯವಾಗಿ ಹೆಣ್ಣುಮಕ್ಕಳು, ತಮಗೆ ಒಪ್ಪುವ ಬೈಕನ್ನು ಮುಟ್ಟಿಯೂ ನೋಡದೆ ಶೋರೂಮಿನಿಂದ ವಾಪಸ್ ಬರುತ್ತಾರೆ.

ಕಂಪನಿಯ ಪುಸ್ತಕದಲ್ಲಿ ಬರೆದ ಸೀಟಿನ ಎತ್ತರ ಯಾರೂ ಕೂರದ ಬೈಕಿನದು. ಟಾರಿಗೂ ಮಣ್ಣಿಗೂ ಆಗುವ ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕಿನ ಸೀಟು 825 ಮಿಲಿಮೀಟರ್ ಎಂದಿರುತ್ತದೆ. ಆದರೆ ಇಂಥ ಬೈಕುಗಳ ಸಸ್ಪೆನ್ಷನ್ ಉದ್ದ, ಮೆತ್ತಗೆ. ಇದರಲ್ಲಿ ಮುಂದೆ 190, ಹಿಂದೆ 170 ಮಿಲಿಮೀಟರ್ ಓಡಾಟವಿದೆ. ಕೂತ ಕೂಡಲೇ ಅದು ಮೂರು ನಾಲ್ಕು ಸೆಂಟಿಮೀಟರ್ ಕುಸಿಯುತ್ತದೆ. ಇನ್ನೊಂದು ವಿಷಯ ಸೀಟಿನ ಅಗಲ. ಟ್ಯಾಂಕಿನ ಹತ್ತಿರ ಸೀಟು ಸಣ್ಣಗಿದ್ದರೆ ಕಾಲು ನೇರ ಕೆಳಗಿಳಿಯುತ್ತದೆ. ಅಗಲವಿದ್ದರೆ ತೊಡೆ ಹರಡಿಕೊಂಡು, ಅಷ್ಟೇ ಎತ್ತರದ ಸೀಟಿನಲ್ಲೂ ಹಿಮ್ಮಡಿ ಗಾಳಿಯಲ್ಲಿ ತೂಗುತ್ತದೆ. ಅಂದಮೇಲೆ ಅಂಕಿ ನೋಡಿ ತೀರ್ಮಾನಿಸಬೇಡಿ, ಹತ್ತಿ ಕೂತು ನೋಡಿ. ಮನೆಯಿಂದ ಹೊರಡುವಾಗ ದಿನಾ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ.

ನಿಲ್ಲಿಸಲು ಎರಡು ಕಾಲು ಬೇಕಾಗಿಯೂ ಇಲ್ಲ. ಅನುಭವಸ್ಥರು ಸೊಂಟವನ್ನು ಸೀಟಿನ ಎಡಕ್ಕೆ ಸ್ವಲ್ಪ ಜಾರಿಸಿ ಎಡಗಾಲನ್ನು ಪೂರ್ತಿ ಊರುತ್ತಾರೆ, ಬಲಗಾಲು ಹಿಂದಿನ ಬ್ರೇಕಿನ ಮೇಲೇ ಇರುತ್ತದೆ. ಏರಿನಲ್ಲಿ ನಿಂತು ಮತ್ತೆ ಹೊರಡಲು ಇದೇ ಸರಿಯಾದ ಕ್ರಮ. ಎರಡೂ ಕಾಲು ಕೆಳಗಿಟ್ಟವರಿಗೆ ಹಿಂದಿನ ಬ್ರೇಕು ಹಿಡಿಯಲು ಕಾಲೇ ಉಳಿಯುವುದಿಲ್ಲ. ಅಂಗಳದಲ್ಲಿ ಎರಡು ಸಂಜೆ ಅಭ್ಯಾಸ ಮಾಡಿದರೆ ಇದು ಮೈಗೆ ಹತ್ತುತ್ತದೆ. ನಿಲ್ಲಿಸುವ ಮುಂಚೆ ನೆಲ ನೋಡಿಕೊಳ್ಳುವುದೂ ಅದರ ಜೊತೆಗೇ ಕಲಿಯಬೇಕಾದದ್ದು. ಕಾಲು ಇಳಿಸುವ ಕಡೆ ತಗ್ಗಿದ್ದರೆ ಆರಡಿ ಆಳಿಗೂ ಕಾಲು ಸಾಲದು. ನನಗೆ ಆ ತಿರುವಿನಲ್ಲಿ ಆದದ್ದು ಅದೇ.

ಇನ್ನೊಂದು ಹೋಲಿಕೆ ನೋಡಿ. 2016ರಲ್ಲಿ ಬಂದ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಸೀಟು 800 ಮಿಲಿಮೀಟರ್, ಎಕ್ಸ್‌ಪಲ್ಸ್‌ಗಿಂತ ಕೆಳಗೆ. ಕಾಲು ಚೆನ್ನಾಗಿ ಎಟುಕುತ್ತದೆ. ಆದರೆ ಪೆಟ್ರೋಲ್ ತುಂಬಿದಾಗ ಅದರ ತೂಕ ಸುಮಾರು 199 ಕೆಜಿ, ಎಕ್ಸ್‌ಪಲ್ಸ್ 4ವಿ ಸುಮಾರು 158. ನಲವತ್ತು ಕೆಜಿ ಅಂದರೆ ಮುಕ್ಕಾಲು ಮೂಟೆಗೂ ಹೆಚ್ಚು ಸಿಮೆಂಟು. ಬೈಕು ವಾಲತೊಡಗಿದಾಗ ಅದನ್ನು ತಡೆಯಬೇಕಾದದ್ದು ನಿಮ್ಮ ಒಂದೇ ಕಾಲು. ಅಲ್ಲಿ ಕೆಲಸಕ್ಕೆ ಬರುವುದು ಎಟುಕಿದ ಹಿಮ್ಮಡಿಗಿಂತ ಬೈಕಿನ ಹಗುರ. ಹಿಮಾಲಯನ್ ಒಳ್ಳೆಯ ಬೈಕು, ಲಡಾಖಿನವರೆಗೂ ಹೋಗಿಬಂದವರು ನನ್ನ ಗೆಳೆಯರಲ್ಲೇ ಇದ್ದಾರೆ. ಆರು ತಿಂಗಳ ಸವಾರಿಯ ಹುಡುಗಿಗೆ, ಒಬ್ಬಳೇ ಹೋಗುವ ಕೆಸರು ದಾರಿಗೆ ಮಾತ್ರ ಅದನ್ನು ನಾನು ಹೇಳಲಾರೆ.

"ಭಾರ ಇದ್ದರೆ ರಸ್ತೆ ಹಿಡಿದುಕೊಂಡು ಹೋಗುತ್ತೆ"

ಟೈರಿನ ಹಿಡಿತ ಭಾರ ಹೆಚ್ಚಿದಂತೆ ಹೆಚ್ಚುತ್ತದೆ, ಅಷ್ಟು ನಿಜ. ಆದರೆ ಆ ಹಿಡಿತವೇ ನಿಲ್ಲಿಸಬೇಕಾದ, ತಿರುಗಿಸಬೇಕಾದ ಭಾರವೂ ಅಷ್ಟೇ ಹೆಚ್ಚಿರುತ್ತದೆ. ಲೆಕ್ಕ ಸರಿಸಮವಾಯಿತು, ಲಾಭವೇನೂ ಇಲ್ಲ. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದಾಗ ಭಾರದ ಬೈಕು ಕಡಿಮೆ ಅಲುಗುತ್ತದೆ. ಈ ನಂಬಿಕೆ ಹುಟ್ಟಿದ್ದು ಆ ಅನುಭವದಿಂದಲೇ ಇರಬೇಕು. ಕೆಸರಿಗೆ ಇಳಿದಾಗ ಅದೇ ಭಾರ ಹೂತುಕೊಳ್ಳುತ್ತದೆ, ಇಳಿಜಾರಿನಲ್ಲಿ ಕೆಳಕ್ಕೆ ನೂಕುತ್ತದೆ.

"ದೊಡ್ಡ ಎಂಜಿನ್ನೇ ತಗೋ, ಆಮೇಲೆ ಸಾಲಲ್ಲ ಅನಿಸುತ್ತೆ"

ಡಾಕಾರ್ ರ‍್ಯಾಲಿಯ ಬೈಕುಗಳಿಗೂ 2011ರಿಂದ 450 ಸಿಸಿಯ ಮಿತಿಯಿದೆ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಆ ರ‍್ಯಾಲಿಯಲ್ಲಿ ಓಡಿದ ಮೊದಲ ಭಾರತೀಯರಾದದ್ದು ಅಂಥ ಬೈಕಿನಲ್ಲೇ. ಮರಳು ದಿಬ್ಬಗಳ ಮೇಲೆ ಸಾವಿರಾರು ಕಿಲೋಮೀಟರ್ ಓಡುವವರಿಗೆ ಅಷ್ಟು ಸಾಕೆಂದಾದರೆ, ತೋಟದ ದಾರಿಗೆ 200 ಸಿಸಿ ಯಾಕೆ ಸಾಲದು?

ಮಣ್ಣಿನ ಏರಿನಲ್ಲಿ ಬೇಕಾದದ್ದು ಮೊದಲ ಗೇರಿನಲ್ಲಿ ನಿಧಾನವಾಗಿ, ಎಂಜಿನ್ ಆಫ್ ಆಗದೆ ಹತ್ತುವ ಎಳೆತ. ಅದು ಸಿಸಿಯಿಂದಷ್ಟೇ ಬರುವುದಿಲ್ಲ, ಗೇರುಗಳ ಹೊಂದಾಣಿಕೆಯಿಂದಲೂ ಬರುತ್ತದೆ. ಎಳೆತ ಸಾಲದೆನಿಸಿದರೆ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆಯದು ಹಾಕಿಸುವ ರೂಢಿ ಗ್ಯಾರೇಜುಗಳಲ್ಲಿ ಹಳೆಯದು. ಟಾಪ್ ಸ್ಪೀಡು ಸ್ವಲ್ಪ ಇಳಿಯುತ್ತದೆ, ಏರು ಹತ್ತುವುದು ಸಲೀಸಾಗುತ್ತದೆ. ಹೊಸಬರ ಬಲಗೈ ಗುಂಡಿ ಬಂದಾಗ ಬೆಚ್ಚಿ ಆಕ್ಸಿಲರೇಟರನ್ನು ಒಮ್ಮೆಗೇ ತಿರುಗಿಸಿಬಿಡುವುದುಂಟು. ಅಂಥ ತಪ್ಪನ್ನು 19 ಕುದುರೆಯ ಬೈಕು ಮನ್ನಿಸುತ್ತದೆ. 40 ಕುದುರೆಯದು ಮನ್ನಿಸಬೇಕೆಂದೇನೂ ಇಲ್ಲ.

ಚಿಕ್ಕ ಎಂಜಿನ್ನಿನ ಕೊರತೆಯನ್ನೂ ಹೇಳಬೇಕು. ನೆಲಮಂಗಲ ದಾಟಿ ಹಾಸನದ ಹೆದ್ದಾರಿ ಹಿಡಿದರೆ ಎಂಬತ್ತು, ತೊಂಬತ್ತರವರೆಗೆ ಆರಾಮ, ನೂರು ದಾಟಿಸಲು ಹೋದರೆ ಏದುಸಿರು. ವಾರವಾರ ಬೆಂಗಳೂರಿನಿಂದ ಊರಿಗೆ ಓಡುವವರು, ಮಣ್ಣು ತುಳಿಯುವುದು ತಿಂಗಳಿಗೊಮ್ಮೆ ಎನ್ನುವವರು 250 ಸಿಸಿಯ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಥರದ್ದನ್ನು ನೋಡಲಿ. ತೂಕ 167 ಕೆಜಿ, ಮುಂದಿನ ಚಕ್ರ 19 ಇಂಚು. ಎಕ್ಸ್‌ಪಲ್ಸ್‌ನದೇ ದೊಡ್ಡ ರೂಪವಾದ 210 ಕೂಡ 2025ರಲ್ಲಿ ಬಂದಿದೆ, ಅದು ಸುಮಾರು 170 ಕೆಜಿ.

"ಕೊಕ್ಕು, ಗಾಜು ಇದ್ದರೆ ಅಡ್ವೆಂಚರ್ ಬೈಕು"

ಮುಂದೆ ಹಕ್ಕಿಯ ಕೊಕ್ಕಿನಂಥ ಮಡ್‌ಗಾರ್ಡು, ಎತ್ತರದ ಗಾಜು, ಕೈಗೆ ಗಾರ್ಡು ಕಂಡ ಕೂಡಲೇ ಇದು ಎಲ್ಲಿಗೆ ಬೇಕಾದರೂ ಹೋಗುತ್ತದೆ ಎನಿಸುತ್ತದೆ. ಗಾಜಿನಿಂದ ಕೆಳಗೆ ನೋಡಿ. 2021ರಲ್ಲಿ ಬಂದ ಹೋಂಡಾ ಸಿಬಿ200ಎಕ್ಸ್ ಹಾಗೇ ಕಾಣುತ್ತಿತ್ತು. ಆದರೆ ಎರಡೂ ಚಕ್ರ 17 ಇಂಚಿನವು, ಹೊಟ್ಟೆಯಿಂದ ನೆಲಕ್ಕೆ 167 ಮಿಲಿಮೀಟರ್ ಅಷ್ಟೇ. ಹಾರ್ನೆಟ್ 2.0 ಎಂಬ ರಸ್ತೆ ಬೈಕಿನಿಂದ ಹುಟ್ಟಿದ್ದು ಅದು. ಊರೊಳಗಿನ ಕೆಟ್ಟ ರಸ್ತೆಗೆ ಸಾಕು, ಕಲ್ಲಿನ ಹಳ್ಳ ದಾಟಲು ಅಲ್ಲ. ಎಕ್ಸ್‌ಪಲ್ಸ್ 200ರಲ್ಲಿ ಮುಂದಿನ ಚಕ್ರ 21 ಇಂಚು, ನೆಲದಿಂದ ಎತ್ತರ 220. ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಗೆ ಕಡಿಮೆ ಇಳಿಯುತ್ತದೆ, ಕಲ್ಲನ್ನು ಗುದ್ದುವ ಬದಲು ಮೇಲೆ ಹತ್ತುತ್ತದೆ.

ಕಡ್ಡಿ ಚಕ್ರವನ್ನು ಹಳೆಯ ಕಾಲದ್ದೆಂದು ತಳ್ಳುವವರಿದ್ದಾರೆ. ಕಲ್ಲಿಗೆ ಬಡಿದರೆ ಅಲಾಯ್ ಸೀಳಬಹುದು. ಕಡ್ಡಿಯ ರಿಮ್ಮು ಬಾಗಿದರೆ ರಿಪೇರಿಯವರು ಕಡ್ಡಿ ಬಿಗಿಮಾಡಿ ಓರೆ ಸರಿಮಾಡಿಕೊಡುತ್ತಾರೆ. ಅನನುಕೂಲ ಪಂಕ್ಚರಿನಲ್ಲಿದೆ. ಒಳಗೆ ಟ್ಯೂಬ್ ಇರುವುದರಿಂದ ಚಕ್ರ ಬಿಚ್ಚಲೇಬೇಕು, ಕೊಟ್ಟಿಗೆಹಾರದಾಚೆ ಪಂಕ್ಚರ್ ಅಂಗಡಿ ಹುಡುಕಿಕೊಂಡು ಕೂರಲಾಗದು. ಮುಂದಿನ 21 ಇಂಚಿನ ಟ್ಯೂಬ್ ಒಂದನ್ನು ಬ್ಯಾಗಿನಲ್ಲಿಟ್ಟುಕೊಳ್ಳಿ. ತುರ್ತಿಗೆ ಅದನ್ನೇ ಹಿಂದಿನ 18 ಇಂಚಿನ ಚಕ್ರಕ್ಕೂ ಮಡಿಸಿ ತುರುಕಿ ಮನೆ ಸೇರಬಹುದು.

ಟೈರಿನ ವಿಷಯ ಬೇಗ ಮುಗಿಸುತ್ತೇನೆ. ಉಬ್ಬುಉಬ್ಬಾದ ಮಣ್ಣಿನ ಟೈರು ಎಲ್ಲ ಕಡೆಗೂ ಒಳ್ಳೆಯದಲ್ಲ. ಒದ್ದೆ ಟಾರಿನ ಮೇಲೆ ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾಗಿ ಚಾರ್ಮಾಡಿ ಘಾಟಿಯಂಥ ತಿರುವುಗಳಲ್ಲಿ ಬೇಗ ಜಾರುತ್ತದೆ. ದಿನಾ ಟಾರೇ ಜಾಸ್ತಿಯಿದ್ದರೆ ಕಂಪನಿ ಕೊಟ್ಟ ಟೈರು ಸವೆಯುವವರೆಗೂ ಇರಲಿ.

"ಮುಂದಿನ ಬ್ರೇಕ್ ಮುಟ್ಟಬೇಡ, ಬೀಳ್ತೀಯ"

ಅಪ್ಪಂದಿರು ಮಕ್ಕಳಿಗೆ ಕಲಿಸುವ ಮೊದಲ ಪಾಠ ಇದು. ಟಾರಿನ ಮೇಲೆ ಇದು ಅಪಾಯದ ಪಾಠ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರದ್ದೇ. ಜನ ಬೀಳುವುದು ಹ್ಯಾಂಡಲ್ ತಿರುಗಿರುವಾಗ, ಮರಳು ಜಲ್ಲಿಯ ಮೇಲೆ, ಗಾಬರಿಯಿಂದ ಒಮ್ಮೆಗೇ ಹಿಡಿದಾಗ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವುದು ಇದಕ್ಕೇ. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಆದರೆ ಸಡಿಲ ಮಣ್ಣಿನ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯುವುದರಿಂದ ಬೈಕು ನಿಲ್ಲದೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಮಣ್ಣನ್ನು ಕೆರೆದುಕೊಂಡು ನಿಲ್ಲುವುದೇ ಮೇಲು. ನನ್ನ ಆಯ್ಕೆ ಕೇಳಿದರೆ, ಎರಡೂ ಚಕ್ರಕ್ಕೆ ಎಬಿಎಸ್ ಇರಲಿ, ಹಿಂದಿನದನ್ನು ಬೇಕಾದಾಗ ಆಫ್ ಮಾಡುವಂತಿರಲಿ.

ಇನ್ನೊಂದು ಎಚ್ಚರಿಕೆಯ ಮಾತು. ಎಲ್ಲಿ ಬೇಕಾದರೂ ಹೋಗುವ ಬೈಕು ಎಂದರೆ ಎಲ್ಲಿಗೆ ಬೇಕಾದರೂ ಹೋಗುವ ಹಕ್ಕಲ್ಲ. ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ ನುಗ್ಗುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಶೋಲಾ ಹುಲ್ಲುಗಾವಲಿನ ಮೇಲೆ ಒಮ್ಮೆ ಚಕ್ರದ ಗೆರೆ ಬಿದ್ದರೆ ಮುಂದಿನ ಮಳೆಯ ನೀರು ಅದನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ಕಣ್ಣಾರೆ ನೋಡಿ ಹೊಟ್ಟೆ ಉರಿದಿದೆ.

ಹಣ ಸಾಲದೆ ಕೊನೆಗೆ ಅಕ್ಕನ ಮಗಳಿಗಾಗಿ ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ ನೋಡಲು ಹೋದೆವು. ಓಡೋಮೀಟರನ್ನು ನಾನು ಕೊನೆಗೆ ನೋಡಿದೆ. ಮೊದಲು ಒಬ್ಬರು ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಮುಂದಿನ ಚಕ್ರ ಎತ್ತಿದರು, ನಾನು ಹ್ಯಾಂಡಲನ್ನು ಮೆಲ್ಲಗೆ ಆಚೀಚೆ ತಿರುಗಿಸಿದೆ. ನಡುವೆ ಕಟಕ್ಕೆಂದು ಸಿಕ್ಕಿದರೆ ಹ್ಯಾಂಡಲಿನ ಬೇರಿಂಗ್ (ಕೋನ್ ಸೆಟ್) ಹೋಗಿದೆ ಎಂದೇ. ಸಿಕ್ಕಲಿಲ್ಲ. ಸ್ಕ್ರೂಡ್ರೈವರಿನಿಂದ ಒಂದೊಂದೇ ಕಡ್ಡಿ ಮೀಟಿದೆ. ಎಲ್ಲ ಒಂದೇ ಸ್ವರ, ಹಿಂದಿನ ಚಕ್ರದ ಎರಡು ಮಾತ್ರ ಸಡಿಲವಾಗಿ ಮಂಕು. ಫೋರ್ಕಿನ ಸೀಲಿನ ಕೆಳಗೆ ಬೆರಳಾಡಿಸಿದಾಗ ಎಣ್ಣೆ ಹತ್ತಲಿಲ್ಲ. ಎರಡು ಕಡ್ಡಿಯ ಲೆಕ್ಕದಲ್ಲಿ ಸ್ವಲ್ಪ ಚೌಕಾಸಿ ನಡೆಯಿತು, ತಂದೆವು.

ಮರುದಿನ ಅಂಗಳದಲ್ಲಿ ಹಳೆಯ ಗೋಣಿಚೀಲ ಹಾಸಿ ಬೈಕನ್ನು ಬಲಗಡೆಗೆ ಮಲಗಿಸಿದೆ. ಅಕ್ಕ ಜಗುಲಿಯಿಂದ "ಹೊಸ ಗಾಡಿ ಕಣೋ!" ಎಂದು ಕೂಗಿದಳು. ಇಗ್ನಿಷನ್ ಆಫ್, ಗೇರಿನಲ್ಲಿರಲಿ, ಬಲಕ್ಕೆ ಬಿದ್ದಿರುವುದರಿಂದ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚು ಎಂದು ಅವಳ ಮಗಳಿಗೆ ಹೇಳಿದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿದಳು. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿನ ಹಿಡಿ, ಇನ್ನೊಂದು ಕೈಯಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದಳು. ಬೆನ್ನು ಬಾಗಿಸಿ ಎಳೆಯಬೇಡ, ತೊಡೆಯ ಬಲದಲ್ಲಿ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಹಿಂದಕ್ಕೆ ನೂಕು ಎಂದೆ. ಮೊದಲ ಸಲ ಅರ್ಧಕ್ಕೆ ಎದ್ದು ಮತ್ತೆ ಕೂತಿತು. ಎರಡನೇ ಸಲ ನಿಂತು, ಸ್ಟ್ಯಾಂಡಿನ ಮೇಲೆ ಒರಗಿತು.

ಅಂಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ತಿರುಗಿದಳು. "ಮಾವ, ಇನ್ನೊಂದ್ಸಲ ಮಲಗ್ಸಿ. ಈ ಸಲ ಎಡಗಡೆಗೆ."