ಸೀರಿಯಲ್ ಕೇಬಲ್ ಹಾಕಿದ ಕೂಡಲೇ ಸಿಸ್ಟಂ ಹ್ಯಾಂಗ್ ಆಯ್ತಾ? ಪವರ್ ಬಟನ್ ಒತ್ತುವ ಮೊದಲು ಇದನ್ನು ನೋಡಿ

ಲ್ಯಾಪ್‌ಟಾಪ್‌ಗಳಿಂದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಮಾಯವಾಗಿ ವರ್ಷಗಳೇ ಆದವು. ಆದರೆ ನೆಟ್‌ವರ್ಕಿಂಗ್ ಕಲಿತು ಮಂಗಳೂರು, ಬೆಂಗಳೂರು ಅಥವಾ ಗಲ್ಫ್‌ನಲ್ಲಿ ಕೆಲಸಕ್ಕೆ ಸೇರುವ ಹುಡುಗರ ಕೈಗೆ ಬರುವುದು ಅದೇ ಹಳೇ ಕೇಬಲ್. ರೂಟರ್ ಮತ್ತು ಸ್ವಿಚ್‌ಗಳ ಕನ್ಸೋಲ್, ಲಾರಿ ತೂಗುವ ವೇ ಬ್ರಿಡ್ಜ್, ಫ್ಯಾಕ್ಟರಿಯ ಸಿಎನ್‌ಸಿ ಮೆಷಿನ್, ಇಂಥ ಕಡೆ ಸೀರಿಯಲ್ ಇನ್ನೂ ಉಂಟು.

ತೊಂದರೆ ಶುರುವಾಗೋದು ಇಲ್ಲಿ. ಲಿನಕ್ಸ್ ಅಥವಾ ಬೇರೆ ಯುನಿಕ್ಸ್ ಮಾದರಿಯ ಕಂಪ್ಯೂಟರಿನಲ್ಲಿ ಪೋರ್ಟ್ ತೆರೆದ ಕೂಡಲೇ ಪ್ರೋಗ್ರಾಂ ನಿಂತು ಹೋಗುತ್ತದೆ. ಎರರ್ ಮೆಸೇಜ್ ಇಲ್ಲ, ಕೀಬೋರ್ಡ್ ಒತ್ತಿದರೆ ಉತ್ತರವಿಲ್ಲ. ಹೊಸಬ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯುತ್ತಾನೆ. ಮನೆಯ ಪಿಸಿ ಆದರೆ ಹೇಗೋ ನಡೆಯುತ್ತೆ. ಅಂಗಡಿಯ ಬಿಲ್ಲಿಂಗ್ ಅಥವಾ ಕಚೇರಿಯ ಡೇಟಾಬೇಸ್ ಓಡುತ್ತಿರುವ ಸರ್ವರ್ ಆದರೆ ಅರ್ಧ ಬರೆದ ದಾಖಲೆಗಳು ಹಾಳಾಗಬಹುದು. ಆಗ ಬೈಗುಳ ಕೇಬಲ್‌ಗೆ ಅಲ್ಲ, ಬಟನ್ ಒತ್ತಿದವನಿಗೆ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಂತದ್ದು ಇಡೀ ಕಂಪ್ಯೂಟರೋ, ಒಂದು ಪ್ರೋಗ್ರಾಂ ಮಾತ್ರವೋ? ಕ್ಯಾಪ್ಸ್ ಲಾಕ್ ಒತ್ತಿದಾಗ ದೀಪ ಬದಲಾಗುತ್ತದೆಯೇ ನೋಡಿ. ಬೇರೊಂದು ಕಂಪ್ಯೂಟರಿನಿಂದ ಪಿಂಗ್ ಮಾಡಿ, ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ ನೋಡಿ. ಅದೇ ಮೆಷಿನ್ನಿನಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಎಫ್3 ಒತ್ತಿದರೆ ಇನ್ನೊಂದು ಲಾಗಿನ್ ಪರದೆ ಬರಬಹುದು. ಇವುಗಳಲ್ಲಿ ಒಂದು ಕೆಲಸ ಮಾಡಿದರೂ ಮೆಷಿನ್ ಬದುಕಿದೆ ಎಂದೇ ಅರ್ಥ. ಹೆಚ್ಚಿನ ಸಲ ಉತ್ತರ ಇದೇ ಆಗಿರುತ್ತದೆ: ಪ್ರೋಗ್ರಾಂ ಸತ್ತಿಲ್ಲ, ಕಾಯುತ್ತಾ ಕೂತಿದೆ, ಅಷ್ಟೇ.

ಏನನ್ನು ಕಾಯುತ್ತಿದೆ? ಆರ್‌ಎಸ್-232 ಎಂಬ ಮಾನದಂಡ ಬಂದದ್ದು 1960ರಲ್ಲಿ, ಟರ್ಮಿನಲ್‌ಗಳನ್ನು ಮೋಡೆಮ್‌ಗೆ ಜೋಡಿಸಲು. ಅದರಲ್ಲಿ ‘ಕ್ಯಾರಿಯರ್ ಡಿಟೆಕ್ಟ್’ ಎಂಬ ಒಂದು ತಂತಿ ಉಂಟು. ಆಚೆ ಬದಿಯಲ್ಲಿ ಫೋನ್ ಎತ್ತಿದ್ದಾರೆ, ಸಂಪರ್ಕ ಸಿಕ್ಕಿದೆ ಎಂದು ಮೋಡೆಮ್ ಹೇಳುವುದು ಅದರಲ್ಲೇ. ಯುನಿಕ್ಸ್ ಈ ಸಭ್ಯತೆಯನ್ನು ಇಂದಿಗೂ ಬಿಟ್ಟಿಲ್ಲ. ಪೋರ್ಟಿನ ಸಿ-ಲೋಕಲ್ ಸೆಟ್ಟಿಂಗ್ ಆಫ್ ಆಗಿದ್ದರೆ ಕ್ಯಾರಿಯರ್ ಬರುವ ತನಕ ಬಾಗಿಲು ತೆರೆಯುವುದಿಲ್ಲ. ಈಗಿನ ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಸಲ ಇರುವುದು ಮೂರೇ ತಂತಿ: ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ಬಾರದ ಸಿಗ್ನಲ್‌ಗೆ ಪ್ರೋಗ್ರಾಂ ಬೆಳಗಿನ ತನಕ ಕಾದರೂ ಎರರ್ ತೋರಿಸುವುದಿಲ್ಲ. ಅದರ ಲೆಕ್ಕದಲ್ಲಿ ತಪ್ಪೇನೂ ಆಗಿಲ್ಲವಲ್ಲ!

ಲಿನಕ್ಸ್‌ನಲ್ಲಿ ಎಸ್‌ಟಿಟಿವೈ ಕಮಾಂಡ್ ಬಳಸಿ ಸಿ-ಲೋಕಲ್ ಆನ್ ಮಾಡಿದರೆ ಇದು ಸರಿಯಾಗುತ್ತದೆ. ಮ್ಯಾಕ್‌ನಲ್ಲಿ ಇನ್ನೂ ಸುಲಭ. ಅಲ್ಲಿ ಒಂದೇ ಪೋರ್ಟಿಗೆ ಎರಡು ಹೆಸರು, ‘ಟಿಟಿವೈ’ಯಿಂದ ಶುರುವಾಗುವುದು ಒಂದು, ‘ಸಿಯು’ದಿಂದ ಶುರುವಾಗುವುದು ಇನ್ನೊಂದು. ಮೊದಲನೆಯದು ಕ್ಯಾರಿಯರ್ ಕಾಯುತ್ತದೆ, ಎರಡನೆಯದು ಕಾಯುವುದಿಲ್ಲ. ಸ್ವಿಚ್ ಕನ್ಸೋಲ್‌ಗೆ ಬೇಕಾದ್ದು ಎರಡನೆಯದು. ಫ್ರೀಬಿಎಸ್‌ಡಿಯಲ್ಲೂ ಇದೇ ಪದ್ಧತಿ, ಅಲ್ಲಿ ‘ಸಿಯುಎ’ ಎಂದಿರುತ್ತದೆ.

ಎರಡನೇ ಕಾಯುವಿಕೆ ಡೇಟಾ ಕಳಿಸುವಾಗ. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇದ್ದರೆ, ಆಚೆಯವನು ‘ಕಳಿಸು’ ಎಂದು ಸಿಟಿಎಸ್ ತಂತಿಯಲ್ಲಿ ಹೇಳುವ ತನಕ ಒಂದಕ್ಷರವೂ ಹೊರಡದು. ಮೂರು ತಂತಿಯ ಕೇಬಲ್‌ನಲ್ಲಿ ಸಿಟಿಎಸ್ ಎಲ್ಲಿಂದ ಬರಬೇಕು? ಪ್ರೋಗ್ರಾಂ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದರೂ ಕೂಡಲೇ ಬಿಡುವುದಿಲ್ಲ. ಉಳಿದ ಅಕ್ಷರಗಳು ಹೋಗಲೆಂದು ಲಿನಕ್ಸ್ ಪೋರ್ಟ್ ಮುಚ್ಚುವಾಗ ಸಾಮಾನ್ಯವಾಗಿ 30 ಸೆಕೆಂಡ್ ತನಕ ಕಾಯುತ್ತದೆ. ಆ ಅರ್ಧ ನಿಮಿಷದ ತಾಳ್ಮೆ ಇಲ್ಲದೆ ಪವರ್ ತೆಗೆಯುವವರೇ ಜಾಸ್ತಿ, ಮಾರಾಯ್ರೇ. ಫ್ಲೋ ಕಂಟ್ರೋಲ್ ಆಫ್ ಮಾಡಿದರೆ ಮುಗಿಯಿತು. ಪರದೆ ಮಾತ್ರ ಸ್ತಬ್ಧವಾಗಿದ್ದರೆ ಒಮ್ಮೆ ಕಂಟ್ರೋಲ್-ಕ್ಯೂ ಒತ್ತಿ ನೋಡಿ. ಗೊತ್ತಿಲ್ಲದೆ ಕಂಟ್ರೋಲ್-ಎಸ್ ಒತ್ತಿರುವುದೂ ಉಂಟು.

ಹಾಗಾದರೆ ಸೀರಿಯಲ್ ಪೋರ್ಟ್ ಇಡೀ ಕಂಪ್ಯೂಟರನ್ನು ನಿಲ್ಲಿಸುವುದೇ ಇಲ್ಲವೇ? ನಿಲ್ಲಿಸುತ್ತದೆ. ಇದಕ್ಕೆ ಪ್ರಸಿದ್ಧ ಉದಾಹರಣೆ ಸನ್ ಕಂಪನಿಯ ಸ್ಪಾರ್ಕ್ ಸರ್ವರ್‌ಗಳು. ಅವಕ್ಕೆ ಮಾನಿಟರ್, ಕೀಬೋರ್ಡ್ ಜೋಡಿಸದೆ ಸೀರಿಯಲ್ ಕನ್ಸೋಲ್‌ನಲ್ಲೇ ನೋಡಿಕೊಳ್ಳುವುದು ರೂಢಿ. ಆ ತಂತಿ ಒಂದು ಅಕ್ಷರದ ಅವಧಿಗಿಂತ ಹೆಚ್ಚು ಹೊತ್ತು ಸೊನ್ನೆಯಲ್ಲೇ ನಿಂತರೆ ಅದನ್ನು ‘ಬ್ರೇಕ್’ ಎನ್ನುತ್ತಾರೆ. ಬ್ರೇಕ್ ಬಂದರೆ ಸ್ಪಾರ್ಕ್ ಮೆಷಿನ್ ಎಲ್ಲ ಕೆಲಸ ನಿಲ್ಲಿಸಿ ‘ಓಕೆ’ ಎಂಬ ಪ್ರಾಂಪ್ಟ್‌ಗೆ ಇಳಿಯುತ್ತದೆ. ಕೇಬಲ್ ಕಿತ್ತರೆ ಅಥವಾ ಆಚೆಯ ಟರ್ಮಿನಲ್ ಆಫ್ ಮಾಡಿದರೆ ಆ ಸದ್ದೇ ಬ್ರೇಕ್ ಆಗಿಬಿಡಬಹುದು. ಕೂಡಲೇ ನೂರಾರು ಜನ ಬಳಸುವ ಸರ್ವರ್ ಸ್ತಬ್ಧ! ನೋಡುವವರಿಗೆ ಕ್ರ್ಯಾಶ್ ಆದಂತೆ ಕಾಣುತ್ತದೆ. ನಿಜಕ್ಕೂ ಕೇಬಲ್ ಮತ್ತೆ ಹಾಕಿ ‘ಗೋ’ ಎಂದು ಟೈಪ್ ಮಾಡಿದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಇದನ್ನು ತಪ್ಪಿಸಲು ಸೋಲಾರಿಸ್‌ನಲ್ಲಿ ಕೆಬಿಡಿ ಕಮಾಂಡ್‌ನ ‘ಆಲ್ಟರ್ನೇಟ್’ ಆಯ್ಕೆ ಕೊಟ್ಟರು. ಅದಾದ ಮೇಲೆ ಬರೀ ಬ್ರೇಕ್‌ಗೆ ಮೆಷಿನ್ ನಿಲ್ಲುವುದಿಲ್ಲ. ಎಂಟರ್, ಟಿಲ್ಡೆ, ಕಂಟ್ರೋಲ್-ಬಿ ಸಾಲಾಗಿ ಒತ್ತಿದರೆ ಮಾತ್ರ ನಿಲ್ಲುತ್ತದೆ.

ಲಿನಕ್ಸ್ ಸೀರಿಯಲ್ ಕನ್ಸೋಲ್‌ನಲ್ಲೂ ಬ್ರೇಕ್‌ಗೆ ಅರ್ಥ ಉಂಟು. ಸಿಸ್‌ರಿಕ್ವೆಸ್ಟ್ ಸೌಲಭ್ಯ ಆನ್ ಇದ್ದರೆ, ಬ್ರೇಕ್ ಬಂದ 5 ಸೆಕೆಂಡಿನೊಳಗೆ ‘ಬಿ’ ಅಕ್ಷರ ಬಂದರೆ ಮೆಷಿನ್ ರೀಬೂಟ್ ಆಗಬಹುದು. ಆದ್ದರಿಂದ ಓಡುತ್ತಿರುವ ಸರ್ವರ್‌ನ ಕನ್ಸೋಲ್ ಕೇಬಲನ್ನು ಕೇಳದೆ ಕೀಳುವ ಅಭ್ಯಾಸ ಒಳ್ಳೆಯದಲ್ಲ.

ನಿಧಾನ ಕನ್ಸೋಲ್ ಇನ್ನೊಂದು ತಲೆನೋವು. 9600 ವೇಗದಲ್ಲಿ ಸೆಕೆಂಡಿಗೆ ಹೋಗುವುದು ಸುಮಾರು 960 ಅಕ್ಷರ. ಕೆಟ್ಟ ಡಿಸ್ಕ್ ಒಂದು ಸಾವಿರಾರು ಎರರ್ ಸಾಲು ಉಗುಳಿದರೆ ಕರ್ನಲ್ ಅವನ್ನೆಲ್ಲ ಆ ಸಣ್ಣ ಪೈಪಿನಲ್ಲೇ ದೂಡುತ್ತಾ ಕೂರುತ್ತದೆ, ಇಡೀ ಮೆಷಿನ್ ತೊದಲುತ್ತದೆ. ವೇಗವನ್ನು 115200ಕ್ಕೆ ಏರಿಸಿ, ಕನ್ಸೋಲ್‌ನ ಲಾಗ್ ಮಟ್ಟ ಇಳಿಸಿದರೆ ಉಸಿರಾಡುತ್ತದೆ. ಹಳೇ ಪಿಸಿಗಳಲ್ಲಾದರೆ ಕಾಮ್1 ಮತ್ತು ಕಾಮ್3 ಎರಡೂ ಇಂಟರಪ್ಟ್ 4ನ್ನೇ ಹಂಚಿಕೊಳ್ಳುತ್ತಿದ್ದವು, ಕಾಮ್2 ಮತ್ತು ಕಾಮ್4 ಇಂಟರಪ್ಟ್ 3ನ್ನು. ಒಳಗೆ ಮೋಡೆಮ್ ಕಾರ್ಡ್ ಹಾಕಿದ ಕೂಡಲೇ ಜಗಳ ಶುರು.

ನಿಜವಾಗಿಯೂ ಏನೂ ಅಲುಗಾಡದಿದ್ದರೆ? ಆಗಲೂ ಪವರ್ ಬಟನ್ ಕೊನೆಯದು. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಎಂದು ನಡುವೆ ಕೆಲವು ಸೆಕೆಂಡ್ ಬಿಟ್ಟು ಒತ್ತಿ. ಎಸ್ ಒತ್ತಿದರೆ ಮೆಮೊರಿಯಲ್ಲಿದ್ದ ಡೇಟಾ ಡಿಸ್ಕ್‌ಗೆ ಹೋಗುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಎಂದು ಬದಲಿಸುತ್ತದೆ, ಬಿ ರೀಬೂಟ್ ಮಾಡುತ್ತದೆ. ಕರ್ನಲ್‌ನಲ್ಲಿ ಸ್ವಲ್ಪ ಜೀವ ಇದ್ದರೂ ಇದು ಕೆಲಸ ಮಾಡುತ್ತದೆ, ಸೌಲಭ್ಯ ಮೊದಲೇ ಆನ್ ಇರಬೇಕು ಅಷ್ಟೇ.

ಮೆಷಿನ್ ಎದ್ದ ಮೇಲೆ ಜರ್ನಲ್‌ಸಿಟಿಎಲ್‌ನಲ್ಲಿ ಹಿಂದಿನ ಬೂಟ್‌ನ ಕರ್ನಲ್ ಲಾಗ್ ತೆಗೆದು ಕೊನೆಯ ಸಾಲುಗಳನ್ನು ಓದಿ. ‘ಟೂ ಮಚ್ ವರ್ಕ್ ಫಾರ್ ಐಆರ್‌ಕ್ಯೂ4’ ಎಂಬ ಸಾಲು ಕಂಡರೆ ಪೋರ್ಟ್ ಇಂಟರಪ್ಟ್‌ಗಳ ಮಳೆ ಸುರಿಸಿದೆ ಎಂದರ್ಥ. ಹುಡುಕಾಟ ಅಲ್ಲಿಂದ, ಅಂದರೆ ಚಿಪ್, ಕಾರ್ಡ್ ಮತ್ತು ಕೇಬಲ್‌ನಿಂದ ಶುರುವಾಗಬೇಕು.